ಗ್ಲುಟಮಿನೇಸ್: ಮಿದುಳಿನ ಒಂದು ಕಿಣ್ವ

ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಬಗೆಯನ್ನು ಮನಶ್ಶಾಸ್ತ್ರದ ಗ್ರಂಥಗಳು ವಿಸ್ತಾರವಾಗಿ ವರ್ಣಿಸುತ್ತವೆ. ಸುದ್ದಿ ಮುಟ್ಟಿದ ಮೇಲೆ ಅದನ್ನು ಹೊತ್ತುತಂದ ದ್ರವ್ಯದ ಗತಿಯೇನಾಯಿತೆಂಬುದನ್ನು ಮಾತ್ರ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಬಿ.ಎ. ವಿದ್ಯಾರ್ಥಿಯಾದ ನನಗಾದರೋ ಈ ಎರಡನೆಯ ಕಥೆಯೇ ಹೆಚ್ಚು ಸ್ವಾರಸ್ಯವೆನಿಸಿತು.

ಮಿದುಳಿನಲ್ಲಿ ಒಂದು ಕೋಶವು ಮತ್ತೊಂದನ್ನು ಪ್ರಚೋದಿಸಲು ಬಳಸುವ ಮುಖ್ಯ ದ್ರವ್ಯ ಗ್ಲುಟಮೇಟ್. ಕಲಿಕೆಗೂ ನೆನಪಿಗೂ ಅದು ಬೇಕು. ಆದರೆ ಕೋಶಗಳ ನಡುವಣ ಸಂದಿನಲ್ಲಿ ಅದು ಹೆಚ್ಚಾಗಿ ನಿಂತುಬಿಟ್ಟರೆ ನರಕೋಶವು ಅತಿಯಾಗಿ ಕೆರಳಿ ಸಾಯಲೂಬಹುದು. ಆದುದರಿಂದ ಪಕ್ಕದಲ್ಲಿಯೇ ಇರುವ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಪೋಷಕ ಕೋಶಗಳು ಅದನ್ನು ಕೂಡಲೆ ಹೀರಿಕೊಳ್ಳುತ್ತವೆ. ಅದನ್ನು ನರಕೋಶಕ್ಕೆ ಹಿಂದಿರುಗಿಸುವ ಬಗೆ ಹೇಗೆ? ಹಾಗೆಯೇ ಹೊರಗೆ ಬಿಟ್ಟರೆ ಮತ್ತೆ ಅದೇ ಅಪಾಯ.

ನಮ್ಮ ಕಡೆ ಕುಲುಮೆಯಲ್ಲಿ ಹರಿತ ಮಾಡಿಸಿದ ಕುಡುಗೋಲನ್ನು ತರುವವರು ಅಲಗಿಗೆ ಹುಲ್ಲು ಸುತ್ತಿಕೊಂಡು ಬರುತ್ತಾರೆ. ಗದ್ದೆಗಿಳಿದ ಮೇಲೆ ಬಿಚ್ಚುತ್ತಾರೆ. ಆಸ್ಟ್ರೋಸೈಟ್ ಮಾಡುವುದೂ ಇದನ್ನೇ. ಅದು ಗ್ಲುಟಮೇಟಿಗೆ ಅಮೋನಿಯವನ್ನು ಜೋಡಿಸಿ ಗ್ಲುಟಮಿನ್ ಎಂಬ ಸಾಧು ದ್ರವ್ಯವನ್ನಾಗಿ ಮಾಡಿ ಕಳುಹಿಸುತ್ತದೆ. ಗ್ಲುಟಮಿನ್ ಯಾವ ನರಕೋಶವನ್ನೂ ಕೆರಳಿಸದು. ನರಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಕುಳಿತು ಆ ಹೊದಿಕೆಯನ್ನು ಬಿಚ್ಚುವುದೇ ಗ್ಲುಟಮಿನೇಸ್. ಅದು ನೀರಿನ ನೆರವಿನಿಂದ ಅಮೋನಿಯವನ್ನು ಬೇರ್ಪಡಿಸಿ ಗ್ಲುಟಮೇಟನ್ನು ಮರಳಿ ಕೊಡುತ್ತದೆ. ಫಾಸ್ಫೇಟ್ ಇದ್ದರೆ ಅದರ ಕೆಲಸ ಚುರುಕು. ಗ್ಲುಟಮೇಟ್ ಹೆಚ್ಚಿದಂತೆಲ್ಲ ತಾನಾಗಿಯೇ ಕೈ ನಿಧಾನವಾಗುತ್ತದೆ, ಕಣಜ ತುಂಬಿದುದನ್ನು ಕಂಡ ಆಳಿನಂತೆ.

ಈ ಕೈ ತಡೆಯುವ ಗುಣವನ್ನು 1935ರಲ್ಲಿಯೇ ಬರೆದಿಟ್ಟವರು ಹ್ಯಾನ್ಸ್ ಕ್ರೆಬ್ಸ್. ಜರ್ಮನಿಯಿಂದ 1933ರಲ್ಲಿ ಹೊರದೂಡಲ್ಪಟ್ಟು ಇಂಗ್ಲೆಂಡಿಗೆ ಬಂದಿದ್ದ ಅವರು, ಮಿದುಳು ಮತ್ತು ಮೂತ್ರಪಿಂಡಗಳ ಕಿಣ್ವವು ಯಕೃತ್ತಿನದಕ್ಕಿಂತ ಭಿನ್ನವೆಂದು ಕಂಡುಕೊಂಡರು. ಗ್ಲುಟಮೇಟ್ ನರಕೋಶವನ್ನು ಕೆರಳಿಸುವುದೆಂದು ಕರ್ಟಿಸ್, ಫಿಲಿಸ್ ಮತ್ತು ವಾಟ್ಕಿನ್ಸ್ ಎಂಬವರು ಕ್ಯಾನ್‌ಬೆರಾದಲ್ಲಿ ತೋರಿಸಿದ್ದು 1959ರ ಹೊತ್ತಿಗೆ. ಎಂದರೆ, ಬೀಗದ ಕೈ ಮೊದಲು ಸಿಕ್ಕಿತು, ಬೀಗ ಆಮೇಲೆ!

ಇದನ್ನು ‘ಚಕ್ರ’ವೆಂದು ಕರೆಯುವುದು ವಾಡಿಕೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಹೀರಿಕೊಂಡ ಗ್ಲುಟಮೇಟಿನಲ್ಲಿ ಒಂದಂಶವನ್ನು ಆಸ್ಟ್ರೋಸೈಟ್ ಇಂಧನವಾಗಿ ಉರಿಸಿಬಿಡುತ್ತದೆ. ಆ ಕೊರತೆಯನ್ನು ಸಕ್ಕರೆಯಿಂದ ಹೊಸದಾಗಿ ತಯಾರಿಸಿ ತುಂಬಬೇಕು.

ಈ ಕಿಣ್ವವೇ ಇಲ್ಲದಂತೆ ಮಾಡಿದ ಇಲಿಮರಿಗಳ ವೃತ್ತಾಂತ 2006ರಲ್ಲಿ ಪ್ರಕಟವಾಯಿತು. ಅವುಗಳ ಉಸಿರಾಟ ಕೆಟ್ಟಿತ್ತು. ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಅವು ಸತ್ತವು. ವಿಚಿತ್ರವೆಂದರೆ, ಅವುಗಳ ನರಕೋಶಗಳಲ್ಲಿ ಗ್ಲುಟಮೇಟ್ ಬರಿದಾಗಿರಲಿಲ್ಲ. ಬಿಡುವಿಲ್ಲದೆ ದುಡಿಯಬೇಕಾಗಿ ಬಂದಾಗ ಮಾತ್ರ ಅವು ಸೋತುಹೋಗುತ್ತಿದ್ದವು.