ನಮ್ಮದಲ್ಲದ ಹಣ, ನಮಗೆ ಸಲ್ಲಬೇಕಾದ ಹಣ



ನಿವೃತ್ತಿಯಾದ ಮೇಲೂ ಮನೆಗೆ ಕಾಗದಪತ್ರಗಳು ಬರುವುದು ನಿಲ್ಲುವುದಿಲ್ಲ. ತೆರಿಗೆಯ ಫಾರಂ ಬರುತ್ತದೆ, ಬ್ಯಾಂಕಿನ ಪತ್ರ ಬರುತ್ತದೆ, ಕೆಲವೊಮ್ಮೆ ಕೇಳದ ಹಣವೂ ಖಾತೆಗೆ ಬಂದು ಬೀಳುತ್ತದೆ. ಪತ್ರ ಕಂಡು ಹೆದರಿ ಬೀರುವಿನಲ್ಲಿ ಇಟ್ಟುಬಿಡುವವರುಂಟು. ಹಣ ಕಂಡು ದೇವರು ಕೊಟ್ಟದ್ದೆಂದು ಸುಮ್ಮನಾಗುವವರೂ ಉಂಟು. ಎರಡೂ ಸರಿಯಲ್ಲ. ಅವರವರಿಗೆ ಸಲ್ಲತಕ್ಕದ್ದನ್ನು ಅವರವರಿಗೆ ಸಲ್ಲಿಸುವ ಸ್ಥಿರವಾದ ಮನಸ್ಸೇ ನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಈ ಅಳತೆಗೋಲಿನಿಂದ ಮೂರು ಸಂದರ್ಭಗಳನ್ನು ನೋಡೋಣ.

1. ಎರಡು ಫಾರಂ ಬಂದಾಗ

ನಿವೃತ್ತಿಯ ವರ್ಷದಲ್ಲಿ ಕಚೇರಿಯಿಂದ ಒಂದು, ಪಿಂಚಣಿ ಕೊಡುವ ಬ್ಯಾಂಕಿನಿಂದ ಒಂದು, ಹೀಗೆ ಎರಡು ತೆರಿಗೆ ಪ್ರಮಾಣಪತ್ರಗಳು ಬರಬಹುದು. ಇದರಲ್ಲಿ ತಪ್ಪೇನೂ ಇಲ್ಲ. ಕಾನೂನು ಪಿಂಚಣಿಯನ್ನೂ ಸಂಬಳವೆಂದೇ ಎಣಿಸುತ್ತದೆ. ಇಬ್ಬರೂ ತಾವು ಕೊಟ್ಟ ಹಣಕ್ಕೆ ಮಾತ್ರ ಲೆಕ್ಕ ಹಾಕಿರುತ್ತಾರೆ. ಎರಡನ್ನೂ ಕೂಡಿಸಿದಾಗ ಇನ್ನಷ್ಟು ತೆರಿಗೆ ಉಳಿಯಬಹುದು. ಕುಟುಂಬ ಪಿಂಚಣಿ ಮಾತ್ರ ಸಂಬಳವಲ್ಲ. ಅದನ್ನು ಇತರ ಆದಾಯದಲ್ಲಿ ತೋರಿಸಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ ಜಾರಿಯ ದಿನ 2026ರ ಏಪ್ರಿಲ್ 1. ಆದ್ದರಿಂದ ಫಾರಂನ ಸಂಖ್ಯೆಯನ್ನಷ್ಟೇ ನಂಬದೆ ಅದರ ಹೆಸರು, ವರ್ಷ, ಕಳುಹಿಸಿದವರು ಯಾರೆಂಬುದನ್ನು ಓದಿ. ತೆರಿಗೆ ಸಲ್ಲಿಸುವುದು ನೈತಿಕ ಕರ್ತವ್ಯವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (ಸಂಖ್ಯೆ 2240) ಬೋಧಿಸುತ್ತದೆ.

2. ಸಲ್ಲದ ಹಣ ಬಂದಾಗ

ಪಿಂಚಣಿದಾರರು ತೀರಿಕೊಂಡ ಸುದ್ದಿ ಬ್ಯಾಂಕಿಗೆ ಮುಟ್ಟದಿದ್ದರೆ ಅವರ ಪಿಂಚಣಿ ಬರುತ್ತಲೇ ಇರುತ್ತದೆ. ಇನ್ನೊಂದು ಬಗೆಯೂ ಉಂಟು. ಕೇಂದ್ರ ಸರ್ಕಾರದ ಹಳೆಯ ಪಿಂಚಣಿ ಪದ್ಧತಿಯಲ್ಲಿ, ನಿವೃತ್ತಿಯ ನಂತರ ಗಂಡ ತೀರಿಕೊಂಡರೆ ಹೆಂಡತಿಗೆ ಹೆಚ್ಚಿನ ದರದ ಕುಟುಂಬ ಪಿಂಚಣಿ ಸಿಗುವುದು 7 ವರ್ಷ, ಅಥವಾ ಗಂಡನಿಗೆ 67 ತುಂಬಬೇಕಾಗಿದ್ದ ದಿನದವರೆಗೆ. ಇವುಗಳಲ್ಲಿ ಯಾವುದು ಮೊದಲೋ ಅದು. ಅವರು 63ರಲ್ಲಿ ತೀರಿಕೊಂಡಿದ್ದರೆ 4 ವರ್ಷ ಮಾತ್ರ. ಆಮೇಲೆ ಅದು ಕೊನೆಯ ಸಂಬಳದ ಶೇಕಡ 30ಕ್ಕೆ ಇಳಿಯಬೇಕು. ಇಳಿಸಲು ಮರೆತರೆ, ವರ್ಷಗಳ ನಂತರ ವಸೂಲಿ ಪತ್ರ ಬರುತ್ತದೆ.

ತನ್ನದೆಂದೇ ನಂಬಿ ಆ ಹಣದಲ್ಲಿ ಅಕ್ಕಿ, ಔಷಧಿ ಕೊಂಡ ತಾಯಿ ಪಾಪ ಮಾಡಿಲ್ಲ. ಆದರೆ ತಿಳಿದ ದಿನದಿಂದ ಅದನ್ನು ಮುಟ್ಟಬಾರದು. ಬೇರೆ ಇಟ್ಟು, ಬ್ಯಾಂಕಿಗೆ ಬರಹದಲ್ಲಿ ತಿಳಿಸಬೇಕು. ಜಕ್ಕಾಯನು ಯಾರೂ ದೂರು ಕೊಡುವ ಮುಂಚೆಯೇ ಹಿಂದಿರುಗಿಸಲು ಮುಂದಾದನು (ಲೂಕ 19). ಕಾನೂನಿನಲ್ಲೂ ಕರುಣೆಗೆ ಎಡೆಯಿದೆ: ಅಧಿಕಾರಿಗಳ ತಪ್ಪಿನಿಂದ ಹೆಚ್ಚು ಹಣ ಪಡೆದ ನಿವೃತ್ತರಿಂದ ವಸೂಲಿ ಮಾಡಬಾರದ ಸಂದರ್ಭಗಳನ್ನು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಹೆಚ್ಚಾದದ್ದನ್ನು ಮರಳಿಸುವೆನೆಂದು ಬರೆದುಕೊಟ್ಟವರ ಮಾತು ಬೇರೆಯೆಂದು 2016ರಲ್ಲಿ ತಿಳಿಸಿತು. ಆದ್ದರಿಂದ ಲೆಕ್ಕದ ವಿವರ ಕೇಳಿ. ಕೊಡಲೇಬೇಕಾದರೆ ಕಂತು ಕೇಳಿ. ಕೇಳುವುದು ಅಪ್ರಾಮಾಣಿಕತೆಯಲ್ಲ.

3. ಸಲ್ಲಬೇಕಾದದ್ದು ಬಾರದಾಗ

ನ್ಯಾಯ ನಮ್ಮ ಕಡೆಗೂ ಇದೆ. ಪಿಂಚಣಿ ಭಿಕ್ಷೆಯಲ್ಲ, ದುಡಿಮೆಯ ಫಲ. ಕೇಂದ್ರ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. ಹಾಸಿಗೆ ಹಿಡಿದವರಿಗೆ 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ಮೂಲಕ ಮನೆಯಿಂದಲೇ ಕೊಡುವ ಅನುಕೂಲವಿದೆ. ಈ ನೆಪದಲ್ಲಿ ಫೋನ್ ಮಾಡಿ ಓಟಿಪಿ ಕೇಳುವವರಿಗೆ ಅದನ್ನು ಹೇಳಬೇಡಿ. ಹಳೆಯ ವರ್ಷಗಳ ಬಾಕಿ ಒಟ್ಟಿಗೆ ಬಂದರೆ ತೆರಿಗೆ ರಿಯಾಯಿತಿಗೆ ಅವಕಾಶವುಂಟು. ಅದರ ಫಾರಂ ಅನ್ನು ರಿಟರ್ನ್‌ಗಿಂತ ಮುಂಚೆಯೇ ಸಲ್ಲಿಸಬೇಕು. ಶುಭಸಂದೇಶದ ವಿಧವೆ ನ್ಯಾಯಾಧೀಶನ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದಳು (ಲೂಕ 18). ಯೇಸುಸ್ವಾಮಿ ಅವಳನ್ನು ಮಾದರಿಯಾಗಿ ತೋರಿಸಿದರು.

ಮಕ್ಕಳೇ, ಈ ಭಾನುವಾರ ಬಲಿಪೂಜೆಯ ನಂತರ ತಂದೆತಾಯಿಯ ಪಕ್ಕದಲ್ಲಿ ಕುಳಿತು ಪಿಂಚಣಿ ಆದೇಶ, ಪಾಸ್‌ಬುಕ್ಕು, ಬಂದ ಪತ್ರಗಳನ್ನು ಒಂದು ಕಡತದಲ್ಲಿ ಸೇರಿಸಿಡಿ. ತಾಯಿಯ ಹೆಸರು ಆದೇಶದಲ್ಲಿ ಸರಿಯಾಗಿದೆಯೇ ನೋಡಿ. ಲೆಕ್ಕ ಬಲ್ಲವರು ನೆರೆಯ ಒಂಟಿ ಹಿರಿಯರಿಗೂ ಒಂದು ಗಂಟೆ ಕೊಡಿ. ತಂದೆತಾಯಿಗಳನ್ನು ಗೌರವಿಸಬೇಕೆಂಬ ದೇವರ ಆಜ್ಞೆ ಇಂಥ ಸಣ್ಣ ಕೆಲಸಗಳಲ್ಲೇ ನೆರವೇರುತ್ತದೆ.