ಕೆಟ್ಟ ವರ್ಷದ ಕಥೆ ಕೇಳು

ಮಗಳೇ,

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಹಲಸಿನ ಹಪ್ಪಳ, ಚಿಪ್ಸು, ಮಾಂಬಳ ಮಾಡಿ ಮಾರುತ್ತೇನೆ ಎಂದು ನೀನು ಹೇಳಿದ ದಿನ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳಿದರು. ಕೆಲವರು ಹೆದರಿಸಿದರು, ಕೆಲವರು ಹುರಿದುಂಬಿಸಿದರು. ನನಗೂ ಹೇಳುವುದಿತ್ತು. ಊಟದ ಎಲೆಯ ಮುಂದೆ ಕೂತು ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಊರಿಗೆ ಮರಳಿ ಏನಾದರೂ ಮಾಡಬೇಕೆಂದಿರುವ ನಿನ್ನ ಗೆಳತಿಯರಿಗೂ ಇದನ್ನು ಓದಿಸು.

ನಾನು ಸ್ವಂತ ವ್ಯಾಪಾರ ಮಾಡಿದವನಲ್ಲ. ಪಿಗ್ಮಿ, ಅಂದರೆ ಬ್ಯಾಂಕಿಗೆ ಕಟ್ಟುವ ದಿನದಿನದ ಉಳಿತಾಯ, ಸಂಗ್ರಹಿಸುತ್ತ ಅಂಗಡಿಯಿಂದ ಅಂಗಡಿಗೆ ನಡೆದವನು. ಜೀನಸಿ ಅಂಗಡಿ, ದರ್ಜಿ, ಬೇಕರಿ, ಹೂವಿನ ಕಟ್ಟೆ, ಸೈಕಲ್ ರಿಪೇರಿ, ಮೀನು ಮಾರುಕಟ್ಟೆ. ಹಣ ಎಣಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕುವಷ್ಟರಲ್ಲಿ ಅವರು ಆಡುತ್ತಿದ್ದ ಮಾತು ನನ್ನ ಪಾಲಿನ ವಿದ್ಯೆ. ಗಲ್ಲಾ ಪೆಟ್ಟಿಗೆಯ ಸದ್ದಿನಿಂದಲೇ ಆ ದಿನದ ವ್ಯಾಪಾರ ಹೇಗಿತ್ತೆಂದು ತಿಳಿಯುತ್ತಿತ್ತು. ಯಾರು ಏಳುತ್ತಿದ್ದಾರೆ, ಯಾರು ಕುಸಿಯುತ್ತಿದ್ದಾರೆ ಎಂಬುದು ಅವರ ಮನೆಯವರಿಗಿಂತ ಮೊದಲು ಪಿಗ್ಮಿಯವನಿಗೆ ಗೊತ್ತಾಗುತ್ತದೆ.

ಕೆಲಸ ಶುರು ಮಾಡುವ ಮೊದಲು ಊರಿನ ಹಳೆಯ ವ್ಯಾಪಾರಸ್ಥರ ಹತ್ತಿರ ಹೋಗಿ ಮಾತಾಡು. ಆದರೆ "ನೀವು ಹೇಗೆ ಬೆಳೆದಿರಿ?" ಎಂದು ಕೇಳಬೇಡ. ಹಾಗೆ ಕೇಳಿದರೆ "ದೇವರ ದಯೆ, ಹಿರಿಯರ ಆಶೀರ್ವಾದ" ಎನ್ನುತ್ತಾರೆ. ಅದು ಮನಸ್ಸಿನಿಂದ ಬಂದ ಮಾತೇ. ಆದರೂ ನಾಳೆ ಬೆಳಿಗ್ಗೆ ಎದ್ದು ನೀನು ಏನು ಮಾಡಬೇಕೆಂಬುದು ಅದರಿಂದ ತಿಳಿಯುವುದಿಲ್ಲ. "ನಿಮಗೆ ಅತಿ ಕೆಟ್ಟ ವರ್ಷ ಯಾವುದು? ಅದನ್ನು ಹೇಗೆ ದಾಟಿದಿರಿ? ಆಗ ಯಾರು ನಿಂತರು, ಯಾರು ಬಿಟ್ಟುಹೋದರು?" ಎಂದು ಕೇಳು. ಮೊದಲು ಸುಮ್ಮನಾಗುತ್ತಾರೆ. ಆಮೇಲೆ ಕುರ್ಚಿ ಎಳೆದು ಕೂರಿಸಿ, ಚಾ ತರಿಸಿ, ಯಾರಿಗೂ ಹೇಳದ್ದನ್ನು ಹೇಳುತ್ತಾರೆ. ನಿನಗೆ ಬೇಕಾದದ್ದೆಲ್ಲ ಅದರಲ್ಲಿದೆ.

ನಮ್ಮ ಕರಾವಳಿಯಲ್ಲಿ ಗಟ್ಟಿಯಾಗಿ ನಿಂತ ಸಂಸ್ಥೆಗಳಲ್ಲಿ ಹಲವು ಕೆಟ್ಟ ವರ್ಷಗಳಲ್ಲೇ ಹುಟ್ಟಿದವು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾಯಿತು. ಕಟ್ಟಿದವರು ಮೂವರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ. ಕೈಯಲ್ಲಿದ್ದ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. 1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಅದನ್ನು ಪಡೆಯಲು ಬ್ಯಾಂಕೇ ಮನೆ ಬಾಗಿಲಿಗೆ ಬರುತ್ತದೆ ಎಂಬುದು ಅದರ ಬಗೆ. ಎರಡಾಣೆ ಉಳಿಸುವವನನ್ನು ಬ್ಯಾಂಕಿನ ಮೆಟ್ಟಿಲು ಹತ್ತಿಸದೇ ಇದ್ದ ಕಾಲ ಅದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಹೆಸರು ಹೋದರೂ, ದಿನದ ದುಡಿಮೆಯಲ್ಲಿ ಒಂದಿಷ್ಟನ್ನು ಅದೇ ದಿನ ತೆಗೆದಿಡುವ ರೂಢಿ ನಮ್ಮ ಪೇಟೆಗಳಲ್ಲಿ ಉಳಿಯಿತು.

ಅಡಿಕೆಯ ಕಥೆಯೂ ಹಾಗೆಯೇ. 1970ರ ದಶಕದ ಮೊದಲಲ್ಲಿ ಧಾರಣೆ ಕುಸಿದು ಬೆಳೆಗಾರರು ದಿಕ್ಕೆಟ್ಟಾಗ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಕಟ್ಟಿದರು. ಮುಂದೆ ಕೊಕ್ಕೊ ಬೆಳೆದವರಿಗೂ ಅದೇ ಗತಿ ಬಂತು. ಬೆಳೆಸಿ ಎಂದವರು ಕೊಳ್ಳುವುದನ್ನು ನಿಲ್ಲಿಸಿದಾಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಕೈಹಾಕಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಕೊಳ್ಳುವವನು ಒಬ್ಬನೇ ಆದರೆ ಬೆಳೆದವನ ಕುತ್ತಿಗೆ ಅವನ ಕೈಯಲ್ಲಿರುತ್ತದೆ. ನಿನ್ನ ಹಪ್ಪಳವನ್ನೆಲ್ಲ ಒಂದೇ ದೊಡ್ಡ ಮಳಿಗೆಗೆ ಕೊಡುವ ಒಪ್ಪಂದ ಬಂದರೆ ಕೊಕ್ಕೊದ ಕಾಲ ನೋಡಿದ ಯಾರನ್ನಾದರೂ ಮೊದಲು ಹೋಗಿ ಕಾಣು. ಅರ್ಧಕ್ಕಿಂತ ಹೆಚ್ಚು ಮಾಲು ಒಂದೇ ಕೈಗೆ ಕೊಡಬೇಡ. ಲಾಭ ಸ್ವಲ್ಪ ಕಡಿಮೆಯಾದರೂ ಚಿಲ್ಲರೆ ಗಿರಾಕಿಗಳನ್ನು ಬಿಡಬೇಡ.

ಎಲ್ಲ ಕೆಟ್ಟ ವರ್ಷಗಳೂ ದಾಟುವಂಥವಲ್ಲ ಎಂಬುದನ್ನೂ ತಿಳಿದಿರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮವರೂ ನದಿದಡದ ಉದ್ದಕ್ಕೂ ಕಾರ್ಖಾನೆ ಕಟ್ಟಿದರು. ಮಂಗಳೂರು ಹೆಂಚು ಸಮುದ್ರ ದಾಟಿ ಹೋಯಿತು. ಮನೆಗಳೆಲ್ಲ ತಾರಸಿಯಾಗತೊಡಗಿದಾಗ ಒಂದೊಂದೇ ಚಿಮಣಿ ತಣ್ಣಗಾಯಿತು. ಅಲ್ಲಿ ದುಡಿದವರ ಕಸುಬಿನಲ್ಲಾಗಲಿ ನಿಯತ್ತಿನಲ್ಲಾಗಲಿ ಕೊರತೆ ಇರಲಿಲ್ಲ, ಬೇಡಿಕೆ ಮುಗಿದಿತ್ತು. ನಾನು ಪಿಗ್ಮಿಗೆ ಹೋಗುತ್ತಿದ್ದ ದರ್ಜಿಯೊಬ್ಬರು ಇದನ್ನು ಬೇಗ ಕಂಡುಕೊಂಡವರು. ಸಿದ್ಧ ಉಡುಪು ಬಂದು ಅಂಗಿ, ಪ್ಯಾಂಟು ಹೊಲಿಸುವವರು ಕಡಿಮೆಯಾದಾಗ ಅವರು ಬಡಿಗಾರರನ್ನು, ಅಡಿಕೆ ವ್ಯಾಪಾರಿಗಳನ್ನು, ಶಾಲೆಯ ಮೇಷ್ಟ್ರುಗಳನ್ನು ಕೂರಿಸಿ ಕೇಳಿದರು: ಈಗಲೂ ಹೊಲಿಸಲೇಬೇಕಾದದ್ದು ಏನಿದೆ? ರವಿಕೆ, ಶಾಲೆಯ ಸಮವಸ್ತ್ರ, ಯಕ್ಷಗಾನದ ಉಡುಪು ಎಂದು ಉತ್ತರ ಬಂತು. ಆ ಮೂರನ್ನೇ ಹಿಡಿದುಕೊಂಡರು. ಅವರ ಮಗ ಈಗಲೂ ಅದೇ ಅಂಗಡಿಯಲ್ಲಿದ್ದಾನೆ.

ನಮ್ಮ ಊರಿನಲ್ಲಿ ಕೆಟ್ಟ ಕಾಲ ಪಂಚಾಂಗದಲ್ಲೇ ಬರೆದಿರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ ಬೋಟು ದಡದಲ್ಲಿ ನಿಂತರೆ ಉಡುಪಿಯ ಬಟ್ಟೆ ಅಂಗಡಿಗೂ ಗಿರಾಕಿ ಬರುವುದಿಲ್ಲ. ಬಂದರಿನಲ್ಲಿ ಮೀನು ಮಾರುತ್ತಿದ್ದ ಒಬ್ಬ ಹೆಂಗಸು ದಿನವೂ ತಪ್ಪದೆ ಪಿಗ್ಮಿ ಕಟ್ಟುತ್ತಿದ್ದಳು. ಒಳ್ಳೆಯ ಮೀನು ಬಿದ್ದ ದಿನ ಇಮ್ಮಡಿ. "ಅಣ್ಣ, ಇದು ನನ್ನದಲ್ಲ, ಆಟಿಯದ್ದು" ಎನ್ನುತ್ತಿದ್ದಳು. ಮಳೆಗಾಲದಲ್ಲಿ ಬಡ್ಡಿ ಸಾಲ ಕೊಡುವವರು ಅವಳ ಅಕ್ಕಪಕ್ಕದ ಮನೆಗಳಿಗೆ ಬರುತ್ತಿದ್ದರು, ಅವಳ ಮನೆಗೆ ಬರುತ್ತಿರಲಿಲ್ಲ. ನಾನು ಕಂಡ ವ್ಯಾಪಾರಸ್ಥರಲ್ಲಿ ಲೆಕ್ಕ ಅತ್ಯಂತ ಸ್ಪಷ್ಟವಾಗಿ ತಿಳಿದವಳು ಅವಳು.

ನಿನ್ನ ಕೆಲಸದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಹಲಸು ಬೆಳೆಯುವುದು ಬೇಸಿಗೆಯಲ್ಲಿ. ಒಣಗಿಸಲು ಬಿಸಿಲು ಬೇಕು. ಕಾಯಿ ಕೊಳ್ಳುವ ಹಣ, ಸೊಳೆ ಬಿಡಿಸಿ ಅರೆದು ತಟ್ಟುವವರ ಕೂಲಿ ಎಲ್ಲವೂ ಏಪ್ರಿಲ್, ಮೇ ತಿಂಗಳಲ್ಲೇ ಕೈಬಿಡುತ್ತದೆ. ಜನ ಹಪ್ಪಳ ಕೇಳುವುದು ಮಳೆ ಹಿಡಿದು ಕೂತ ಮೇಲೆ. ಈ ನಡುವಿನ ತಿಂಗಳುಗಳಲ್ಲಿ ನಿನ್ನ ದುಡ್ಡು ಡಬ್ಬಿಯಲ್ಲಿ ಮಾಲಾಗಿ ಕೂತಿರುತ್ತದೆ. ಕಾಗದದ ಮೇಲೆ ಲಾಭವಿದ್ದೂ ಕೈಯಲ್ಲಿ ಕಾಸಿಲ್ಲದೆ ಮುಚ್ಚಿದ ಅಂಗಡಿಗಳನ್ನು ನಾನು ಕಂಡಿದ್ದೇನೆ. ಯಂತ್ರಕ್ಕೆ ಸಾಲ ತೆಗೆಯುವ ಮೊದಲು ಈ ನಡುವಿನ ತಿಂಗಳುಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಬರೆದಿಡು. ನಾಲ್ಕು ಬಣ್ಣದ ಲೇಬಲ್ಲು, ಹೆಸರು, ಬೋರ್ಡು ಆಮೇಲೆ ಆಗಲಿ.

ಮನೆಯ ದುಡ್ಡು ಮನೆಗೆ, ಅಂಗಡಿಯ ದುಡ್ಡು ಅಂಗಡಿಗೆ. ಎಲ್ಲರಿಗೂ ಗೊತ್ತಿರುವ ಈ ಮಾತನ್ನು ಪಾಲಿಸಿದವರು ಬಹಳ ಕಡಿಮೆ. ಗಲ್ಲಾಪೆಟ್ಟಿಗೆಯಿಂದ ಮಗನ ಫೀಸು, ಗ್ಯಾಸು, ಕುಟುಂಬದ ಮದುವೆಯ ಉಡುಗೊರೆ ತೆಗೆದವರಿಗೆ ವರ್ಷದ ಕೊನೆಗೆ ವ್ಯಾಪಾರ ಗೆದ್ದಿತೋ ಸೋತಿತೋ ತಿಳಿಯುತ್ತಿರಲಿಲ್ಲ. ನಿನಗೂ ಒಂದು ಸಂಬಳ ನಿಗದಿ ಮಾಡಿಕೋ, ಎಷ್ಟೇ ಸಣ್ಣದಿರಲಿ. ಮಾರಿದ್ದನ್ನೆಲ್ಲ ದಿನದಿನವೇ ಬರೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ತೆರಿಗೆ ಇಲಾಖೆ ನೋಟಿಸು ಕೊಟ್ಟಾಗ ಬೆಂಗಳೂರಿನ ಸಣ್ಣ ಅಂಗಡಿಯವರು ಎಷ್ಟು ಗಾಬರಿಯಾದರು, ಸ್ಕ್ಯಾನರು ತೆಗೆದು ನಗದು ಮಾತ್ರ ಎಂದು ಬೋರ್ಡು ಹಾಕಿದರು ಎಂಬುದನ್ನು ನೀನೇ ನೋಡಿದ್ದೀಯ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲು ಎಷ್ಟು, ತೆರಿಗೆ ಬೀಳುವ ಮಾಲು ಎಷ್ಟು, ನೆಂಟರು ಕೊಟ್ಟ ಕೈಸಾಲ ಎಷ್ಟು ಎಂದು ಬರೆದಿಟ್ಟವನು ಪುಸ್ತಕ ತೋರಿಸಿ ಉತ್ತರ ಕೊಡಬಹುದು. ಬರೆಯದವನಿಗೆ ಉತ್ತರವೇ ಇಲ್ಲ.

ಕಡದ ವಿಷಯಕ್ಕೆ ಬರುತ್ತೇನೆ. "ಇಂದು ನಗದು, ನಾಳೆ ಕಡ" ಎಂದು ಬೋರ್ಡು ಹಾಕಿದ ಅಂಗಡಿಯವರೂ ಕಡ ಕೊಡುತ್ತಿದ್ದರು. ಹಳ್ಳಿಯಲ್ಲಿ ಕೊಡದೆ ನಡೆಯುವುದಿಲ್ಲ. ಬಲ್ಲವರು ಯಾರಿಗೆ ಕೊಡಬೇಕೆಂದು ತಿಳಿದು ಕೊಡುತ್ತಿದ್ದರು. ದಿನಗೂಲಿಯವನು ಶನಿವಾರ ತಂದು ಕಟ್ಟುತ್ತಾನೆ. ಕಾರಿನಲ್ಲಿ ಬಂದು ತಿಂಗಳ ಸಾಮಾನು ಬರೆಸಿ ಹೋಗುವವನ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಇದು ನನ್ನ ಅನುಮಾನವಲ್ಲ, ಹಲವು ಅಂಗಡಿಯವರು ಬಾಯಿಬಿಟ್ಟು ಹೇಳಿದ್ದು. ನೆಂಟರಿಗೆ ಕಡ ಕೊಡುವುದಕ್ಕಿಂತ ಒಂದು ಪೊಟ್ಟಣ ಸುಮ್ಮನೆ ಕೊಟ್ಟುಬಿಡು. ಸಂಬಂಧವೂ ಉಳಿಯುತ್ತದೆ, ಲೆಕ್ಕವೂ ಮುಗಿಯುತ್ತದೆ.

2020ರ ಲಾಕ್‌ಡೌನಿನಲ್ಲಿ ನಮ್ಮ ಪೇಟೆಯ ಬೇಕರಿಯೊಂದು ಮುಚ್ಚಿಯೇ ಹೋಗುತ್ತದೆ ಎಂದುಕೊಂಡಿದ್ದೆವು. ಉತ್ತರ ಕರ್ನಾಟಕದಿಂದ ಬಂದ ಹುಡುಗರು ಅಲ್ಲಿ ಕೆಲಸಕ್ಕಿದ್ದರು. ಮಾಲೀಕ ಅವರನ್ನು ಕಳಿಸಲಿಲ್ಲ. ಅರ್ಧ ಸಂಬಳ, ಮೂರು ಹೊತ್ತು ಊಟ, ಉಳಿದರ್ಧ ಮುಂದೆ ಕೊಡುತ್ತೇನೆ ಎಂದ, ಕೊಟ್ಟ ಕೂಡ. ಬೇರೆ ಅಂಗಡಿಗಳು ಬಾಗಿಲು ತೆರೆದು ಆಳು ಹುಡುಕುತ್ತಿದ್ದಾಗ ಇವನ ಒಲೆ ಮೊದಲ ದಿನವೇ ಉರಿಯುತ್ತಿತ್ತು. ಆಳು ಸಿಗುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಗೊಣಗುತ್ತಾರೆ. ಆ ಗೊಣಗುವವರು ಕೂಲಿ ಯಾವಾಗ ಕೊಡುತ್ತಾರೆ, ಹೇಗೆ ಕೊಡುತ್ತಾರೆ ಎಂದು ವಿಚಾರಿಸು.

ಸಂಘ ಕಟ್ಟಿದವರ ಜೊತೆಗೂ ಮಾತಾಡು. ಅವರ ಹತ್ತಿರ ಬೇರೆಯೇ ಬಗೆಯ ತಿಳಿವಳಿಕೆ ಇದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವೇ ನಮ್ಮ ನಾಡಿನ ಸಹಕಾರಕ್ಕೆ ಮೊದಲ ಮೆಟ್ಟಿಲು. ಕೂಡಿ ಕಟ್ಟುವುದಕ್ಕೆ ಇನ್ನೊಂದು ಉದಾಹರಣೆಯಾಗಿ ಮುಂಬಯಿಗೆ ಹೋದ ನಮ್ಮ ಕರಾವಳಿಯವರನ್ನು ನೋಡು. ಹನ್ನೆರಡು, ಹದಿಮೂರು ವಯಸ್ಸಿಗೆ ಹೋಟೆಲಿನಲ್ಲಿ ಲೋಟ ತೊಳೆಯಲು ಹೋದ ಹುಡುಗರಿಗಾಗಿ ಅಲ್ಲಿನ ಕನ್ನಡಿಗರು ರಾತ್ರಿಶಾಲೆ ನಡೆಸಿದರು. ಹಗಲು ಕೆಲಸ, ರಾತ್ರಿ ಪಾಠ. ಅಲ್ಲಿ ಓದಿದ ಎಷ್ಟೋ ಮಂದಿ ಮುಂದೆ ಹೋಟೆಲಿನ ಒಡೆಯರಾದರು, ವಕೀಲರಾದರು. ಒಬ್ಬನ ಹೋಟೆಲು ಬೆಳೆದದ್ದು ಆ ಕುಟುಂಬಕ್ಕೆ ನೆರವಾಯಿತು. ಆ ಶಾಲೆಗಳಿಂದ ಊರಿಗೂರೇ ಮೇಲೆದ್ದಿತು. ಬೆಳವಣಿಗೆ ಎಂದು ನಾನು ಮನಸಾರೆ ಒಪ್ಪುವುದು ಇದನ್ನು.

ನೀನು ಒಬ್ಬಳೇ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗಿಲ್ಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳನ್ನು ಜೊತೆ ಸೇರಿಸಿಕೊಂಡು 1982ರಲ್ಲಿ ಉಜಿರೆಯಲ್ಲಿ ತೆರೆದ ರುಡ್‌ಸೆಟ್ ಸಂಸ್ಥೆ ಇದೆ. ಸ್ವಂತ ಉದ್ಯೋಗ ಮಾಡುವವರಿಗೆ ಅಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಅದೇ ಮಾದರಿಯಲ್ಲಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳಾಗಿವೆ. ಇಂಜಿನಿಯರಿಂಗ್ ಓದಿದವಳು ಹತ್ತನೇ ತರಗತಿ ಓದಿದವರ ಜೊತೆ ಕೂರುವುದೇ ಎಂದು ಅಂದುಕೊಳ್ಳಬೇಡ. ಜೊತೆಗೆ ಕೂತವರಲ್ಲಿ ಯಾರೋ ಒಬ್ಬಳು ಹಪ್ಪಳದ ಹದವನ್ನು ನಿನಗಿಂತ ಚೆನ್ನಾಗಿ ಬಲ್ಲವಳಿರುತ್ತಾಳೆ, ಇನ್ನೊಬ್ಬಳು ಅಟ್ಟಿಗಟ್ಟಲೆ ಡಬ್ಬಿ ಮಾರಿ ಬಂದವಳಿರುತ್ತಾಳೆ.

ಈ ವಾರವೇ ಹೊರಡು. ಮೊದಲು ಬೇಕರಿಯವರನ್ನು ಕಾಣು, ಆಮೇಲೆ ಊರಿನ ಸಹಕಾರ ಸೊಸೈಟಿಯ ಹಳೆಯ ಕಾರ್ಯದರ್ಶಿಯನ್ನು. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗು, ಆಗ ಗಿರಾಕಿ ಕಡಿಮೆ. ಮೊಬೈಲು ಚೀಲದಲ್ಲಿರಲಿ. ಅವರು ಹೇಳುವಾಗ ನಡುವೆ ನಿನ್ನ ಯೋಜನೆ ಹೇಳಬೇಡ. ಕೇಳಿದರೆ ಮಾತ್ರ ಹೇಳು. ಮೊದಲ ಬ್ಯಾಚಿನ ಹಪ್ಪಳವನ್ನು ಅವರಿಗೆ ಕೊಟ್ಟು, ಹೇಗಿದೆ ಎಂದಲ್ಲ, ಏನು ಕೊರತೆ ಎಂದು ಕೇಳು. ತಟ್ಟಲು ಬರುವ ಹೆಂಗಸರಿಗೆ ಕೂಲಿ ಎಷ್ಟೆಂದು ಮೊದಲ ದಿನವೇ ಹೇಳಿ, ಶನಿವಾರ ಸಂಜೆ ಐದಕ್ಕೆ ಮುಂಚೆ ಕೈಗೆ ಕೊಡು.