ಗಾಡಿ ಸ್ಟಾರ್ಟ್ ಆಗದಿದ್ದರೆ ಏನು ಮಾಡಬೇಕು?



ಹಡಗಲಿಯ ಮಲ್ಲಿಗೆ ಮೊಗ್ಗನ್ನು ನಸುಕಿನಲ್ಲಿ ಬಿಡಿಸಿದ ಮೇಲೆ ಅದು ಯಾರಿಗೂ ಕಾಯೋದಿಲ್ಲ. ಕೊಟ್ಟೂರು, ಕೂಡ್ಲಿಗಿ ಸಂತೆಗೆ ಹೋಗುವ ತರಕಾರಿಯೂ ಅಷ್ಟೇ. ಈಗ ನಮ್ಮ ಐದೂ ತಾಲೂಕುಗಳಲ್ಲಿ ಅನೇಕ ಸದಸ್ಯೆಯರ ಮನೆಯಲ್ಲಿ ಸಣ್ಣ ಗೂಡ್ಸ್ ಗಾಡಿ, ಹಳೇ ಕಾರು ಅಥವಾ ವ್ಯಾನ್ ಇದೆ. ಸಾಲ ಮಾಡಿ ತಂದ ಗಾಡಿ ಒಂದು ದಿನ ನಿಂತರೆ ಬಾಡಿಗೆ ಹೋಯ್ತು, ಕಂತು ಮಾತ್ರ ನಿಲ್ಲೋದಿಲ್ಲ. ಕಂಪನಿ ಸರ್ವಿಸ್ ಬೇಕೆಂದರೆ ಹೊಸಪೇಟೆಗೋ ದಾವಣಗೆರೆಗೋ ಹೋಗಬೇಕು. ಆದ್ದರಿಂದ ಮನೆಯಲ್ಲೇ ಏನು ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ನೋಡಿ, ಕೇಳಿ

ಕೀ ತಿರುಗಿಸಿದಾಗ ಗಾಡಿಯೇ ತನ್ನ ಕಾಯಿಲೆ ಹೇಳುತ್ತದೆ.

1. ಕೀ ತಿರುಗುವುದೇ ಇಲ್ಲವೇ? ಸ್ಟೀರಿಂಗ್ ಲಾಕ್ ಬಿದ್ದಿರಬಹುದು. ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಅಲುಗಿಸುತ್ತಾ ಕೀ ತಿರುಗಿಸಿ. ಜೋರು ಮಾಡಿದರೆ ಕೀ ಒಳಗೇ ಮುರಿಯುತ್ತದೆ. ಲಾಕಿನೊಳಗೆ ಕೊಬ್ಬರಿ ಎಣ್ಣೆ, ಎಂಜಿನ್ ಎಣ್ಣೆ ಬಿಡಬೇಡಿ, ನಮ್ಮ ಕಡೆಯ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಪೆನ್ಸಿಲ್ ಸೀಸವನ್ನು ಕೀಗೆ ತಿಕ್ಕಿ ಹಾಕಿ ತೆಗೆದರೆ ಸಾಕು.

2. ಮುಂದಿನ ದೀಪಗಳು ಹತ್ತುವುದೇ ಇಲ್ಲ, ಅಥವಾ "ಟಕ್ ಟಕ್" ಸದ್ದು ಮಾತ್ರ ಬರುತ್ತದೆಯೇ? ಬ್ಯಾಟರಿ ಇಳಿದಿದೆ ಇಲ್ಲವೇ ಅದರ ವೈರ್ ಸಡಿಲವಾಗಿದೆ.

3. ಎಂಜಿನ್ ಗರಗರ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಕೀ ಅಥವಾ ಬೀಗದ ಚಿತ್ರವಿರುವ ದೀಪ ಮಿಣುಕುತ್ತಲೇ ಇರುತ್ತದೆ. ಹಾಗಿದ್ದರೆ ಕಳ್ಳತನ ತಡೆಯುವ ವ್ಯವಸ್ಥೆಗೆ ನಿಮ್ಮ ಕೀ ಗುರುತು ಸಿಕ್ಕಿಲ್ಲ. ಕೆಲವು ಗಾಡಿಗಳಲ್ಲಿ ಎಂಜಿನ್ ತಿರುಗುವುದೂ ಇಲ್ಲ. ದೀಪ ಮಿಣುಕದಿದ್ದರೆ ಮೊದಲು ಟ್ಯಾಂಕಿನಲ್ಲಿ ಎಣ್ಣೆ ಇದೆಯೇ ನೋಡಿ.

ಬ್ಯಾಟರಿ ಕೆಲಸ

ನಮ್ಮ ಬೇಸಿಗೆ ಬ್ಯಾಟರಿಗೆ ದೊಡ್ಡ ಶತ್ರು. ಬಿಸಿಲಿಗೆ ಒಳಗಿನ ನೀರು ಆರುತ್ತದೆ. ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ಗುರುತಿನ ಮಟ್ಟಕ್ಕೆ ಡಿಸ್ಟಿಲ್ಡ್ ನೀರು ಹಾಕಿ. ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಉಪ್ಪು ಬ್ಯಾಟರಿಯನ್ನು ಹಾಳು ಮಾಡುತ್ತದೆ.

ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕೀ ತೆಗೆದು, ಮೊದಲು ಕಪ್ಪು ವೈರ್, ಆಮೇಲೆ ಕೆಂಪು ವೈರ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡ ಬೆರೆಸಿ ಹಳೇ ಬ್ರಷ್ಷಿನಿಂದ ತಿಕ್ಕಿ, ಒರೆಸಿ ಒಣಗಿಸಿ. ಸೋಡಾ ನೀರು ಬ್ಯಾಟರಿಯೊಳಗೆ ಹೋಗಬಾರದು. ಮತ್ತೆ ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲಿನ್ ಸವರಿ.

ಮೀಟರ್ ಇದ್ದರೆ ಅಳೆದು ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ. ಎಂಜಿನ್ ಓಡುವಾಗ ಸುಮಾರು 14 ಬರಬೇಕು, ಬಾರದಿದ್ದರೆ ತೊಂದರೆ ಚಾರ್ಜ್ ಮಾಡುವ ಭಾಗದಲ್ಲಿದೆ. ಬೇರೆ ಗಾಡಿಯಿಂದ ವೈರ್ ಕೊಡುವುದಾದರೆ ಅದೂ 12 ವೋಲ್ಟ್ ಗಾಡಿಯೇ ಆಗಿರಲಿ. ದೊಡ್ಡ ಲಾರಿ, ಬಸ್ಸಿನಲ್ಲಿ 24 ವೋಲ್ಟ್ ಇರುತ್ತದೆ, ಅದರಿಂದ ಕೊಟ್ಟರೆ ನಿಮ್ಮ ಗಾಡಿ ಸುಟ್ಟೀತು.

ಎಚ್ಚರಿಕೆ: ಬ್ಯಾಟರಿಯಿಂದ ಬರುವ ಗಾಳಿಗೆ ಬೆಂಕಿ ಹತ್ತುತ್ತದೆ. ಹತ್ತಿರ ಬೀಡಿ, ಕಡ್ಡಿ ಗೀರಬಾರದು. ಬಳೆ, ತಾಳಿ ಸರ ತಾಗದಂತೆ ನೋಡಿಕೊಳ್ಳಿ. ಆಸಿಡ್ ಕಣ್ಣಿಗೆ ಸಿಡಿದರೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ.

ಕಳ್ಳತನ ತಡೆಯುವ ಕೀ

ಈಗಿನ ಬಹಳಷ್ಟು ಕಾರುಗಳ ಕೀ ಹಿಡಿಯಲ್ಲಿ ಅಕ್ಕಿ ಕಾಳಿನಂಥ ಅಥವಾ ಗುಂಡಿಯಂಥ ಸಣ್ಣ ಚಿಪ್ ಇರುತ್ತದೆ. ಲಾಕಿನ ಸುತ್ತ ಇರುವ ತಂತಿ ಸುರುಳಿ ಅದರ ಗುಪ್ತ ಸಂಖ್ಯೆ ಓದುತ್ತದೆ. ಸಂಖ್ಯೆ ಸರಿಯಿದ್ದರೆ ಮಾತ್ರ ಎಂಜಿನ್ ನಡೆಯುತ್ತದೆ. ಆದ್ದರಿಂದ ಬೀದಿಯಲ್ಲಿ ಕಡಿಸಿದ ನಕಲಿ ಕೀ ಬಾಗಿಲು ತೆರೆದೀತು, ಗಾಡಿ ಓಡಿಸೋದಿಲ್ಲ.

ಬೀಗದ ದೀಪ ಮಿಣುಕಿದರೆ ಕೀ ಗೊಂಚಲಿನಿಂದ ಬೇರೆ ಕೀಗಳನ್ನು ಬಿಚ್ಚಿ, ಮೊಬೈಲ್ ದೂರ ಇಡಿ. ಕೀ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಆಮೇಲೆ ಎರಡನೇ ಕೀ ಹಾಕಿ. ಎರಡನೆಯದರಲ್ಲಿ ಗಾಡಿ ಸ್ಟಾರ್ಟ್ ಆದರೆ ದೋಷ ಮೊದಲ ಕೀಯಲ್ಲಿದೆ. ರಿಮೋಟ್ ಒತ್ತಿದರೆ ಬಾಗಿಲು ತೆರೆಯದಿದ್ದಾಗ ಒಳಗಿನ ಬಟನ್ ಸೆಲ್ ಬದಲಿಸಿ, ಹಳೇ ಸೆಲ್ಲಿನ ಮೇಲಿರುವ ನಂಬರಿನದೇ ತನ್ನಿ. ಬಿಚ್ಚುವಾಗ ಚಿಪ್ ಬಿದ್ದು ಹೋಗದಿರಲಿ.

ಶೇಂಗಾ, ಜೋಳ ಕೂಡಿಟ್ಟ ಕಡೆ ಗಾಡಿ ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತದೆ. ಬಾನೆಟ್ ಎತ್ತಿ ಅದನ್ನೂ ನೋಡಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಿ, ಎಂದಿಗೂ ತಂತಿ ಸುತ್ತಬೇಡಿ.

ಇದನ್ನು ಮಾಡಿಸಬೇಡಿ

"ಅಕ್ಕಾ, ಆ ವೈರ್ ಕಟ್ ಮಾಡಿ ಡೈರೆಕ್ಟ್ ಕೊಡ್ತೀನಿ, ಖರ್ಚು ಕಮ್ಮಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂದು ಗಾಡಿ ಓಡೀತು, ಆದರೆ ನಾಳೆ ಕಳ್ಳನಿಗೂ ಅಷ್ಟೇ ಸುಲಭ. ವಿಮೆ ಹಣ ಕೇಳುವಾಗಲೂ ತಕರಾರು ಬರಬಹುದು. ಹೊಸ ಕೀಗೆ ಸಂಖ್ಯೆ ಕಲಿಸುವ ಕೆಲಸ ಯಂತ್ರವಿರುವವರದು. ಆರ್.ಸಿ., ಗುರುತಿನ ಚೀಟಿ ತೋರಿಸಿ ಮಾಡಿಸಿ, ರಸೀದಿ ಪಡೆಯಿರಿ.

ಎರಡನೇ ಕೀ, ಅದರ ಜೊತೆ ಬಂದ ನಂಬರ್ ಬಿಲ್ಲೆ, ವಿಮೆ ಪತ್ರ ಮೂರನ್ನೂ ಮನೆಯ ಟ್ರಂಕಿನಲ್ಲಿಡಿ, ಗಾಡಿಯಲ್ಲಿ ಅಲ್ಲ. ಗಾಡಿ ಕಳುವಾದರೆ ವಿಮೆ ಕಂಪನಿಯವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ. ಕಳುವಾದ ಕೂಡಲೇ 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ದೂರು ಬರೆಸಿ ಪ್ರತಿ ಪಡೆಯಿರಿ. ವಿಮೆ ಕಂಪನಿಗೂ ಸಾಲ ಕೊಟ್ಟವರಿಗೂ ತಡಮಾಡದೆ ತಿಳಿಸಿ.

ಬೈಬಲಿನ ಹತ್ತು ಕನ್ಯೆಯರ ಸಾಮತಿಯಲ್ಲಿ ಐವರು ಮಾತ್ರ ಮೊದಲೇ ಎಣ್ಣೆ ತಂದಿದ್ದರು. ಮುಂಜಾಗ್ರತೆ ಎಂದರೆ ಇಷ್ಟೇ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಗಾಡಿ ಇದೆ? ಎರಡನೇ ಕೀ ಎಲ್ಲಿದೆ?
2. ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ? ಅದು ಕಳ್ಳತನಕ್ಕೂ ಅನ್ವಯಿಸುತ್ತದೆಯೇ, ಅಥವಾ ಬರೀ ಥರ್ಡ್ ಪಾರ್ಟಿಯೇ?
3. ಬ್ಯಾಟರಿಗಾಗಿ ತಿಂಗಳಿಗೆ ಎಷ್ಟು ಉಳಿಸಬಹುದು?

ಮುಂದಿನ ಸಭೆಗೆ ಬರುವಾಗ ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ.